ಮರದಲ್ಲಿ ಕೆತ್ತಿದ ಹೂವು, ಜೊತೆಗೊಂದು ಸಾಲು

ಡಬ್ಲಿನ್

ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡವಳೇ ರತ್ನಕ್ಕ ಎಡಗೈ ಚಾಚಿ, ಮುಖವೆಲ್ಲ ಅರಳಿಸಿಕೊಂಡು, "ಚಮಚ! ಚಮಚ ಬಂದ!" ಎಂದಳು.

ನನ್ನ ಹೆಸರು ಸೋಮಶೇಖರ. ಅಕ್ಕನ ಬಾಯಲ್ಲಿ ಚಿಕ್ಕಂದಿನಿಂದಲೂ ಸೋಮು. ಚಮಚ ಎಂದು ಯಾರೂ ಕರೆದಿರಲಿಲ್ಲ. ಭಾವ ಜಯರಾಂ ನನ್ನ ಹೆಗಲ ಮೇಲೆ ಕೈ ಹಾಕಿ, "ಏನೂ ಅಂದ್ಕೋಬೇಡ ಸೋಮು. ನೀನೇ ಅಂತ ಚೆನ್ನಾಗಿ ಗೊತ್ತು ಅವಳಿಗೆ. ಹೆಸರು ತೆಗಿಯೋಕೆ ಹೋದ್ರೆ ಬೇರೆ ಏನೋ ಬಾಯಿಗೆ ಬಂದ್ಬಿಡತ್ತೆ" ಎಂದು ಮೆಲ್ಲಗೆ ಹೇಳಿದರು. ಅಕ್ಕನಿಗೂ ತನ್ನ ಮಾತು ಎಲ್ಲೋ ಜಾರಿದ್ದು ತಿಳಿಯಿತು. ಅರಳಿದ ಮುಖ ಮುದುಡಿತು. ಕಾರು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಅವರ ಊರು ಡಬ್ಲಿನ್ ಸೇರುವವರೆಗೂ ಅವಳು ಕಿಟಕಿಗೆ ಮುಖ ತಿರುಗಿಸಿಕೊಂಡೇ ಕೂತಿದ್ದಳು.

ದೀಪಾವಳಿಯ ಹೊತ್ತಿಗೆ ಅವಳಿಗೆ ಪಾರ್ಶ್ವವಾಯು ಬಡಿದಿತ್ತು. ಕಾಲು ಸರಿಹೋಗಿತ್ತು, ಬಲಗೈ ಮುಕ್ಕಾಲು ಪಾಲು ವಾಪಸು ಬಂದಿತ್ತು. ಮಾತು ಮಾತ್ರ ಬಂದಿರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಹೇಳಬೇಕೆಂದುಕೊಂಡದ್ದು ನಾಲಗೆಗೆ ಬರುವಾಗ ದಾರಿ ತಪ್ಪುತ್ತಿತ್ತು. ಹಾಸನದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಆ ವರ್ಷವೇ ನಿವೃತ್ತನಾಗಿದ್ದೆ. ಹೆಂಡತಿಗೆ ಶಾಲೆಯ ಕೆಲಸವಿದ್ದದ್ದರಿಂದ ಒಬ್ಬನೇ ಹೊರಟುಬಂದೆ. ಅದುವರೆಗೆ ನಾನು ಸಮುದ್ರ ದಾಟಿದವನಲ್ಲ.

ಬಂದ ಮರುದಿನವೇ ಒಂದು ಪ್ರಸಂಗ ನಡೆಯಿತು. ಬೆಳಿಗ್ಗೆ ವಾಕಿಂಗಿಗೆಂದು ಹೊರಟೆ. ಬೀದಿಯಲ್ಲಿ ಹೂ ಮಾರುವವರ ಕೂಗಿಲ್ಲ, ಕುಕ್ಕರಿನ ಸೀಟಿಯಿಲ್ಲ. ಸಾಲಾಗಿ ನಿಂತ ಅಲಂಕಾರದ ಪ್ಲಮ್ ಮರಗಳು ಎಲೆಗೂ ಕಾಯದೆ ತಿಳಿಗುಲಾಬಿ ಹೂ ಬಿಟ್ಟಿದ್ದವು. ಅವನ್ನು ನೋಡುತ್ತಾ ನಡೆದು ಹಿಂದಿರುಗುವಾಗ ಮನೆಗಳೆಲ್ಲ ಒಂದೇ ಥರ ಕಂಡವು. ಅದೇ ಬೂದು ಗೋಡೆ, ಅದೇ ಗ್ಯಾರೇಜು. ನಮ್ಮದೇ ಎಂದುಕೊಂಡ ಬಾಗಿಲಿನ ಮುಂದೆ ನಿಂತು ಭಾವ ಹೇಳಿಕೊಟ್ಟಿದ್ದ ಅಂಕಿಗಳನ್ನು ಒತ್ತಿದೆ. ಬೀಗ ಕೀಚು ಕೀಚು ಎಂದಿತು. ಮತ್ತೆ ಒತ್ತಿದೆ. ಒಳಗಿಂದ ಒಬ್ಬ ಚೀನೀ ಅಜ್ಜ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಏನೂ ಕೇಳದೆ ಎದುರು ಸಾಲಿನ ಮನೆಯೊಂದರತ್ತ ಬೆರಳು ತೋರಿಸಿ, ತಲೆಯಾಡಿಸಿ, ಬಾಗಿಲು ಮುಚ್ಚಿಕೊಂಡ. ಆ ಬೀದಿಯಲ್ಲಿ ದಾರಿ ತಪ್ಪಿದ ಭಾರತದ ಹಿರಿಯರಿಗೆ ಮನೆ ತೋರಿಸಿ ಅವನಿಗೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ.

ಈ ಕಥೆಯನ್ನು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. ಅವಳ ಮುಂದೆ ಚಿತ್ರದ ಕಾರ್ಡುಗಳಿದ್ದವು. ಸೇಬು, ಬೆಕ್ಕು, ಕುರ್ಚಿ, ಹೂವು. ಮಾತು ಕಲಿಸಲು ಬರುವ ಥೆರಪಿಸ್ಟು ಕೊಟ್ಟುಹೋದವು. ಮಗಳು ಸ್ಫೂರ್ತಿ ಕಾರ್ಡು ಎತ್ತಿ ಹಿಡಿದು, "ಅಮ್ಮಾ, ವಾಟ್ ಈಸ್ ದಿಸ್? ಟ್ರೈ ಮಾಡಿ" ಎಂದು ಕಾಯುತ್ತಿದ್ದಳು. ಅಕ್ಕ "ಅದು... ಅದು..." ಎಂದು ತಡವರಿಸಿದಳು. ಆಮೇಲೆ ಕಾರ್ಡುಗಳನ್ನೆಲ್ಲ ಬಾಚಿಕೊಂಡು ಎದ್ದು ಹೋಗಿ ಅಡಿಗೆಮನೆಯ ರದ್ದಿ ಬುಟ್ಟಿಗೆ ಹಾಕಿಬಿಟ್ಟಳು.

ಅವಳ ಸಿಟ್ಟು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಹುಟ್ಟುವ ಮುಂಚಿನಿಂದಲೂ ಅಕ್ಕ ಕೆಲಸ ಮಾಡಿದ್ದು ಡೇಕೇರಿನಲ್ಲಿ. ಇಂಥವೇ ಕಾರ್ಡುಗಳನ್ನು ಎತ್ತಿ ಹಿಡಿದು ಆ ಊರಿನ ಎಷ್ಟು ಮಕ್ಕಳಿಗೆ ಮಾತು ಕಲಿಸಿದ್ದಳೋ.

ಸ್ಯಾನ್ ಫ್ರಾನ್ಸಿಸ್ಕೊ

ಮ್ಯೂಸಿಯಮ್ಮಿಗೆ ಹೋಗುವ ಯೋಚನೆ ಸ್ಫೂರ್ತಿಯದು. ಕಾಲೇಜಿನಲ್ಲಿ ಓದುವ ಹುಡುಗಿ, ವಾರದ ಕೊನೆಗೆ ಮನೆಗೆ ಬರುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. "ಜಪಾನೀಸ್ ಪ್ರಿಂಟ್ಸ್, ಅಮ್ಮಾ. ಓನ್ಲಿ ಫ್ಲವರ್ಸ್. ನೋ ವರ್ಡ್ಸ್, ಐ ಪ್ರಾಮಿಸ್" ಎಂದಳು. ಮಾತಿಲ್ಲದ ಜಾಗ ಎಂದ ಮೇಲೆ ಅಕ್ಕ ಒಪ್ಪಿದಳು.

ರೈಲು ಸ್ಟೇಷನ್ನಿನ ಗೇಟಿನಲ್ಲಿ ನಾನು ಟಿಕೆಟ್ ಕಾರ್ಡು ಮುಟ್ಟಿಸಿ ದಾಟಿದೆ. ಹಿಂದೆ ಉಳಿದ ನನ್ನ ಬಟ್ಟೆ ಚೀಲ ಗಾಜಿನ ಬಾಗಿಲಿಗೆ ಸಿಕ್ಕಿಕೊಂಡಿತು. ನಾನು ಈ ಕಡೆಯಿಂದ ಎಳೆದೆ, ಸ್ಫೂರ್ತಿ ಆ ಕಡೆಯಿಂದ ತಳ್ಳಿದಳು. ಚೀಲದಲ್ಲಿದ್ದ ಚಿತ್ರಾನ್ನದ ಡಬ್ಬಿಗೆ ಏನೂ ಆಗಲಿಲ್ಲ. ನನ್ನ ಹಿಂದೆ ನಿಂತವರು ಯಾರೂ ಗೊಣಗದೆ ಪಕ್ಕದ ಗೇಟಿಗೆ ಹೋದರು. ನಮ್ಮ ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಜನ ಚೀಲಕ್ಕೆ ಕೈ ಹಾಕಿ ಸಲಹೆ ಕೊಡುತ್ತಿದ್ದರು. ಎರಡರಲ್ಲಿ ಯಾವುದು ಮೇಲು ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಮ್ಯೂಸಿಯಮ್ಮಿನ ಆ ಕೋಣೆಯಲ್ಲಿ ಬೆಳಕು ಮಂದವಾಗಿತ್ತು. ಹಳೆಯ ಬಣ್ಣಗಳು ಬೆಳಕಿಗೆ ಮಾಸುತ್ತವಂತೆ. ಗೋಡೆಯುದ್ದಕ್ಕೂ ಕಿಟಕಿಯ ಗಾಜಿನಷ್ಟಷ್ಟೇ ಚಿತ್ರಗಳು: ಹಿಮ ಹೊತ್ತ ಪ್ಲಮ್ ಕೊಂಬೆ, ನೀರಿನಂಚಿನ ಐರಿಸ್, ಮಡಕೆಯಲ್ಲಿ ತಲೆಬಾಗಿದ ಸೇವಂತಿಗೆ. ನಾನು ಜೀವಮಾನವಿಡೀ ಹೂವನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟವನು. ಎಸಳಿನ ತುದಿ ಒಣಗತೊಡಗಿದ್ದನ್ನೂ ಮರದಲ್ಲಿ ಕೆತ್ತಿ ಅಚ್ಚು ಹಾಕಿದ್ದು ಕಂಡು ಗಾಜಿಗೆ ಮೂಗು ತಾಗುವಷ್ಟು ಬಾಗಿದೆ. ಆದರೆ ಸ್ಫೂರ್ತಿಯ ಮಾತು ಸುಳ್ಳಾಗಿತ್ತು. ಒಂದೊಂದು ಹೂವಿನ ಪಕ್ಕದಲ್ಲೂ ಅಕ್ಷರಗಳಿದ್ದವು. ಮೇಲಿಂದ ಕೆಳಗೆ ಬಳ್ಳಿಯಂತೆ ಇಳಿದ ಸಾಲುಗಳು. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

ಅಲ್ಲಿ ಓಕಾಡಾ ಎಂಬ ಹಿರಿಯ ಮಹಿಳೆ ಬಂದವರಿಗೆ ವಿವರಿಸುತ್ತಿದ್ದರು. ಕುಳ್ಳಗಿನ ಹೆಂಗಸು, ಬಿಳಿ ಕೂದಲು, ಕಾಲಿಗೆ ಓಟಗಾರರ ಶೂ. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ. ಹಿಂದೆ ಜಪಾನಿನಲ್ಲಿ ಪದ್ಯ ಕಟ್ಟುವವರ ಕೂಟಗಳಿದ್ದವಂತೆ. ಹೊಸ ವರ್ಷಕ್ಕೆ ಸದಸ್ಯರೆಲ್ಲ ಸೇರಿ ಒಂದು ಹೂವಿನ ಚಿತ್ರ ಬರೆಸಿ, ತಮ್ಮ ಪದ್ಯ ಸೇರಿಸಿ, ಮರದಲ್ಲಿ ಕೆತ್ತಿಸಿ, ಅಚ್ಚು ಹಾಕಿಸಿ ಗೆಳೆಯರಿಗೆ ಹಂಚುತ್ತಿದ್ದರಂತೆ. ಅಂಗಡಿಯಲ್ಲಿ ಮಾರುವುದಕ್ಕಲ್ಲ. ಅಂಥ ಅಚ್ಚಿಗೆ ಸುರಿಮೊನೊ ಎಂದು ಹೆಸರು. "ಇವರಿಗೆ ಎರಡರ್ಥದ ಮಾತು ಎಂದರೆ ಪ್ರಾಣ. ಮಾತ್ಸು ಎಂದರೆ ಪೈನ್ ಮರ, ಕಾಯುವುದು ಅಂತಲೂ ಆಗುತ್ತದೆ. ಆ ಒಂದು ಪದ ಇಟ್ಟುಕೊಂಡು ಎಷ್ಟು ಆಟ ಆಡಿದ್ದಾರೋ" ಎಂದರು.

ಯಾರೋ ಒಬ್ಬರು ಒಂದು ಚಿತ್ರ ತೋರಿಸಿ, "ಇದನ್ನು ಓದಿ ಹೇಳ್ತೀರಾ?" ಎಂದು ಕೇಳಿದರು.

ಓಕಾಡಾ ನಕ್ಕರು. "ನನಗೆ ಓದಲು ಬರುವುದಿಲ್ಲ. ನಾನು ಹುಟ್ಟಿದ್ದು ಇಲ್ಲೇ, ಯೂನಿಯನ್ ಸಿಟಿಯಲ್ಲಿ. ಇದು ಹಳೆಯ ಮೋಡಿ ಬರಹ. ಜಪಾನಿನವರಲ್ಲೂ ಓದಬಲ್ಲವರು ಕಡಿಮೆ. ತಿಳಿದವರು ಹೇಳಿದ ಅರ್ಥ ನೆನಪಿಟ್ಟುಕೊಂಡಿದ್ದೇನೆ, ಅಷ್ಟೆ."

ಅಷ್ಟರಲ್ಲಿ ಅಕ್ಕ ಬಾಗಿಲು ಬಿಟ್ಟು ಮುಂದೆ ಬಂದಿದ್ದಳು. ಜನರ ನಡುವೆ ಜಾಗ ಮಾಡಿಕೊಂಡು ಓಕಾಡಾ ಅವರ ಎದುರು ನಿಂತು, ಅವರ ಎದೆಯತ್ತ ಬೆರಳು ಮಾಡಿ, "ನೀ... ನೀವೂ?" ಎಂದಳು. ಕನ್ನಡದಲ್ಲೇ.

ಓಕಾಡಾ ಅವರಿಗೆ ಪದ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. "ಹೌದು, ನಾನೂ. ಇಲ್ಲಿರುವ ಎಲ್ಲರೂ" ಎಂದು ಕೋಣೆಯ ಸುತ್ತ ಕೈ ತಿರುಗಿಸಿದರು.

ಅಕ್ಕ ಅಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಒಂದೊಂದೇ ಚಿತ್ರದ ಮುಂದೆ ನಿಂತು, ಹೂವನ್ನೂ ಅಕ್ಷರವನ್ನೂ ನಿಧಾನವಾಗಿ, ಯಾವ ಹಿಂಜರಿಕೆಯೂ ಇಲ್ಲದೆ ನೋಡತೊಡಗಿದಳು. ಓದಲು ಬಾರದಿರುವುದು ಅಲ್ಲಿ ಅವಳೊಬ್ಬಳ ಕೊರತೆಯಾಗಿರಲಿಲ್ಲ. ಹೊರಡುವಾಗ ಓಕಾಡಾ ಅವರೇ ಬಂದು, ಶನಿವಾರಗಳಲ್ಲಿ ತಮ್ಮ ಗ್ಯಾರೇಜಿನಲ್ಲಿ ಅಚ್ಚು ಹಾಕುವುದನ್ನು ಕಲಿಸುತ್ತೇನೆ, ಬನ್ನಿ ಎಂದು ಕರೆದರು. ಹೇಳಿದ್ದು ನನಗೆ, ನೋಡಿದ್ದು ಅಕ್ಕನನ್ನು.

ಯೂನಿಯನ್ ಸಿಟಿ

ಆ ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಉದ್ದದ ಮೇಜು, ಉಳಿಗಳು, ಹಲಗೆಯ ಚೂರುಗಳು, ನೀರಿನ ಬಟ್ಟಲು. ಒಂದು ಸಣ್ಣ ಪಾತ್ರೆಯಲ್ಲಿ ಅಕ್ಕಿಯ ಗಂಜಿ ಕಂಡು ನಾನು ತಿಂಡಿಯಿರಬೇಕು ಎಂದುಕೊಂಡೆ. ಅದು ಬಣ್ಣಕ್ಕೆ ಬೆರೆಸಲು.

ಓಕಾಡಾ ಅವರ ಅಜ್ಜ ಆ ಕಡೆಯೇ ಗಾಜಿನ ಮನೆಗಳಲ್ಲಿ ಕಾರ್ನೇಶನ್ ಹೂ ಬೆಳೆಯುತ್ತಿದ್ದರಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸರ್ಕಾರದವರು ಜಪಾನಿನವರೆಂದು ಮನೆಯವರನ್ನೆಲ್ಲ ಮರುಭೂಮಿಯ ಶಿಬಿರಕ್ಕೆ ಸಾಗಿಸಿದರು. ಹಿಂದಿರುಗಿದಾಗ ಒಂದು ಗಾಜೂ ಉಳಿದಿರಲಿಲ್ಲ. "ಅಜ್ಜ ಗಾಜಿನ ಚೂರು ಗುಡಿಸಿ ಮತ್ತೆ ಗಿಡ ನೆಟ್ಟ. ಅಪ್ಪ ಮಾತ್ರ ನಮಗೆ ಜಪಾನಿ ಕಲಿಸಲಿಲ್ಲ. ಮನೆಯಲ್ಲಿ ಆ ಭಾಷೆ ಆಡಲು ಭಯ" ಎಂದರು ಓಕಾಡಾ. ಅಕ್ಕ ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು. ಸ್ಫೂರ್ತಿ ತಲೆ ತಗ್ಗಿಸಿಕೊಂಡು ಉಳಿಯ ಹಿಡಿಯನ್ನು ಸವರುತ್ತಿದ್ದಳು.

ಮೊದಲ ದಿನದ ಪಾಠಕ್ಕೆ ನಾನು ಒಂದು ದಾಸವಾಳ ಬರೆದು, ಪಕ್ಕದಲ್ಲಿ 'ಹೂವು' ಎಂದು ಕೆತ್ತಲು ಹೊರಟೆ. ಅಕ್ಷರವನ್ನು ಉಳಿಸಿಕೊಂಡು ಸುತ್ತಲಿನ ಮರ ತೆಗೆಯಬೇಕು. ನಮ್ಮ ಅಕ್ಷರಗಳ ದುಂಡು ಎಷ್ಟು ಹಟಮಾರಿ ಎಂದು ಗೊತ್ತಾಗಬೇಕಾದರೆ ಉಳಿ ಹಿಡಿಯಬೇಕು. ಬೆವರು ಸುರಿಸಿ ಮುಗಿಸಿದೆ. ಓಕಾಡಾ ಬಣ್ಣ ಹಚ್ಚಿ, ಒದ್ದೆ ಕಾಗದ ಹಾಸಿದರು. ಬಾರೆನ್ ಎಂಬ, ಬಿದಿರಿನ ಪೊರೆ ಸುತ್ತಿದ ಬಿಲ್ಲೆಯಿಂದ ಬೆನ್ನುಜ್ಜಿ ಕಾಗದ ಎತ್ತಿದರು. ದಾಸವಾಳ ಚೆನ್ನಾಗಿ ಬಂದಿತ್ತು.

"ಎಂಥ ಸುಂದರ ಲಿಪಿ!" ಎಂದರು ಓಕಾಡಾ. "ಸೋ ಪ್ರೆಟಿ, ಮಾಮ" ಎಂದಳು ಸ್ಫೂರ್ತಿ. ನಾನು ದಾಸವಾಳವನ್ನೇ ನೋಡುತ್ತಾ ಉಬ್ಬಿದೆ.

ಅಕ್ಕ ಕಾಗದ ತೆಗೆದುಕೊಂಡು ನೋಡಿದಳು. ಹುಬ್ಬು ಗಂಟಿಕ್ಕಿದಳು. ಅದನ್ನು ತಿರುವಿ, ಹಿಂಬದಿಯಿಂದ ಬಾಗಿಲ ಬೆಳಕಿಗೆ ಹಿಡಿದಳು. ಮುಂದಿನ ಕ್ಷಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಉಲ್ಟಾ! ಸೋಮು, ಉಲ್ಟಾ ಕಣೋ!"

ತೆಳು ಕಾಗದದ ಮೇಲೆ ಬರೆದು, ಬರೆದ ಮುಖ ಕೆಳಗೆ ಮಾಡಿ ಹಲಗೆಗೆ ಅಂಟಿಸಿ, ಅದರ ಮೇಲೆ ಕೆತ್ತಬೇಕಂತೆ. ಓಕಾಡಾ ಅದನ್ನು ಹೇಳುವಾಗ ನಾನು ಗಂಜಿಯ ಕಡೆ ನೋಡುತ್ತಿದ್ದೆ. ನೇರವಾಗಿ ಮರದ ಮೇಲೆ ಬರೆದು ಕೆತ್ತಿದ್ದರಿಂದ ಕನ್ನಡವೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿ ಅಚ್ಚಾಗಿತ್ತು. ಅಲ್ಲಿದ್ದವರಲ್ಲಿ ಕನ್ನಡ ಓದುವ ಇನ್ನೊಬ್ಬಳೆಂದರೆ ಅಕ್ಕ ಮಾತ್ರ. ನಗುವಿನ ಗಲಾಟೆ ಮುಗಿದ ಮೇಲೆ ಸ್ಫೂರ್ತಿ ನನ್ನ ತೋಳು ಹಿಡಿದು, "ಮಾಮ, ಶೀ ಸೆಡ್ ಯುವರ್ ನೇಮ್" ಎಂದು ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. ಆಗಲೇ ನನಗೂ ಅದು ಹೊಳೆದದ್ದು.

ಮರುದಿನ ಬೆಳಿಗ್ಗೆ ಅಕ್ಕ ಕಾಫಿ ಕೊಡುತ್ತಾ ನನ್ನನ್ನು "ಬಾಚಣಿಗೆ" ಎಂದಳು. ಕೂಡಲೇ ತಲೆ ಚಚ್ಚಿಕೊಂಡು ತಾನೇ ನಕ್ಕಳು.

ಸ್ಯಾನ್ ರಮೋನ್

ಒಂದು ಭಾನುವಾರ ಭಾವ ಗುಡ್ಡದ ಹೂ ತೋರಿಸಲು ಕರೆದುಕೊಂಡು ಹೋದರು. ಅಲ್ಲಿ ಚಳಿಗಾಲವೇ ಮಳೆಗಾಲ, ಅದು ಮುಗಿಯುತ್ತಾ ಬಂದಿತ್ತು. ಆರುನೂರ ಎಂಬತ್ತು ನಂಬರಿನ ಹೆದ್ದಾರಿಯ ಎರಡೂ ಬದಿ ಗುಡ್ಡಗಳು ನಮ್ಮ ಸಕಲೇಶಪುರದ ಹುಲ್ಲುಗಾವಲಿನಂತೆ ಹಸಿರಾಗಿದ್ದವು. ಬೇಸಿಗೆಯಲ್ಲಿ ಇವೆಲ್ಲ ಒಣಗಿ ಸಿಂಹದ ಮೈಬಣ್ಣಕ್ಕೆ ತಿರುಗುತ್ತವೆ ಎಂದರು ಭಾವ.

ಹೂವೆಂದರೆ ಇಂಗ್ಲಿಷಿನಲ್ಲಿ ಪಾಪಿ ಎನ್ನುವ, ನಮ್ಮ ಗಸಗಸೆಯ ಕುಟುಂಬದ, ಆ ನಾಡಿನ ಕಾಡು ಹೂ. ಕಿತ್ತಳೆ ಬಣ್ಣದ ನಾಲ್ಕು ಎಸಳು. ಬಿಸಿಲಿದ್ದರೆ ಅರಳುತ್ತದೆ, ಮೋಡವಾದರೆ ಮುಚ್ಚಿಕೊಂಡು ಸುರುಳಿ ಸುತ್ತಿದ ಬತ್ತಿಯಂತೆ ನಿಲ್ಲುತ್ತದೆ. ಅಂದು ಆಕಾಶದ ತುಂಬ ಮೋಡ. ಗುಡ್ಡದ ತುಂಬ ಬರೀ ಬತ್ತಿಗಳು.

ಅಲ್ಲಿ ಎದುರಾದವರು ಗಾಯತ್ರಿ. ಮಂಡ್ಯದ ಕಡೆಯವರು, ಅಕ್ಕನ ಬಹುಕಾಲದ ಗೆಳತಿ. ಕಾಯಿಲೆಯಾದ ಮೇಲೆ ಎರಡು ಸಲ ಮನೆಗೆ ಬಂದಿದ್ದರಂತೆ. ಅಕ್ಕ ಎರಡು ಸಲವೂ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಅವರು ಓಡಿಬಂದು ಅಕ್ಕನ ಎರಡೂ ಕೈ ಹಿಡಿದು, ಕಿವಿ ಕೇಳದವರೊಡನೆ ಮಾತಾಡುವಂತೆ ಜೋರಾಗಿ, "ರತ್ನಾ! ನಾನು ಕಣೇ, ಗಾಯತ್ರಿ! ಗೊತ್ತಾಯ್ತಾ? ಗಾ-ಯ-ತ್ರಿ!" ಎಂದರು.

ಅಕ್ಕನ ತುಟಿ ಅಲುಗಾಡಿತು. "ಬಾ... ಬಾಗಿಲು" ಎಂದಳು.

ಗಾಯತ್ರಿಯವರ ಮುಖದಲ್ಲಿ ಮರುಕ ಮೂಡಿತು. "ಅಯ್ಯೋ ಪಾಪ, ಸ್ಟ್ರೇನ್ ಮಾಡ್ಕೋಬೇಡ ಬಿಡೇ" ಎಂದು ಕೆನ್ನೆ ಸವರಿ, ಭಾವನ ಕಡೆ ತಿರುಗಿ ಔಷಧಿಯ ಬಗ್ಗೆ ಕೇಳತೊಡಗಿದರು. ಅಕ್ಕ ಕೈ ಬಿಡಿಸಿಕೊಂಡು ಕಾರಿನತ್ತ ನಡೆದಳು. ನಾನೂ ಸ್ಫೂರ್ತಿಯೂ ಹಿಂದೆಯೇ ಹೋದೆವು.

ಕಾರಿನಲ್ಲಿ ಸ್ಫೂರ್ತಿ ರೇಗಿದಳು. "ಅಮ್ಮಾ, ಶೀ ವಾಸ್ ಜಸ್ಟ್ ಬೀಯಿಂಗ್ ನೈಸ್. ಯಾಕೆ ಮಾತಾಡಲ್ಲ ನೀವು? ಇವ್ರ ಜೊತೆ ಅಲ್ಲ ಅಂದ್ರೆ ಯಾರ ಜೊತೆ ಮಾತಾಡ್ತೀರಾ? ವೆನ್?" ಅವಳು ಅಷ್ಟು ಉದ್ದ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಕಿಟಕಿಯಾಚೆ ಮುಚ್ಚಿಕೊಂಡ ಹೂಗಳನ್ನು ನೋಡುತ್ತಾ ಕೂತಳು. ಇನ್ನು ಗ್ಯಾರೇಜಿಗೂ ಬರುವುದಿಲ್ಲ, ಮತ್ತೆ ಕೋಣೆ ಸೇರಿಕೊಳ್ಳುತ್ತಾಳೆ ಎಂದು ನನಗೆ ದಿಗಿಲಾಯಿತು. ಬಹಳ ಹೊತ್ತಾದ ಮೇಲೆ ಅವಳು ಗಾಜಿನ ಮೇಲೆ ಬೆರಳಿಟ್ಟು, ಮೊದಲು ಹೂವನ್ನು ತೋರಿಸಿದಳು, ಆಮೇಲೆ ತನ್ನನ್ನು.

"ಬಿಸ್ಲು... ಬಿಸ್ಲು ಬರ್ಲಿ" ಎಂದಳು. ಮುಂದಿನ ಪದಕ್ಕೆ ಕಾದಳು. ಸ್ಫೂರ್ತಿ ತುಂಬಿಸಿಕೊಡಲು ಬಾಯಿ ತೆರೆದಳು. ನಾನು ಅವಳ ಕೈ ಒತ್ತಿ ತಡೆದೆ. "ಬಾಯಿ ಬಿಡ್ತೀನಿ."

ಬಾಯಿ ಬಿಡುವುದು ಅರಳುವ ಹೂವೂ ಹೌದು, ಮಾತಾಡಲು ಒಪ್ಪಿದ ಮನುಷ್ಯರೂ ಹೌದು. ಎರಡರ್ಥದ ಮಾತು! "ಅಕ್ಕಾ, ಪದ್ಯ ಕಟ್ಟಿಬಿಟ್ಯಲ್ಲೇ!" ಎಂದೆ. ಸ್ಫೂರ್ತಿಗೆ ಶ್ಲೇಷೆ ಬಿಡಿಸಿ ಹೇಳಬೇಕಾಯಿತು. ಅರ್ಥವಾದೊಡನೆ ಹಿಂದಿನ ಸೀಟಿನಿಂದ ಅಮ್ಮನ ಕುತ್ತಿಗೆ ತಬ್ಬಿಕೊಂಡಳು.

ಮಧ್ಯಾಹ್ನ ಮೋಡ ಚೆದುರಿತು. ನಾವು ಮತ್ತೆ ಇಳಿದು ಗುಡ್ಡ ಹತ್ತಿ, ತೆರೆದುಕೊಂಡ ಪಾಪಿ ಹೂಗಳ ಎದುರು ಕೂತೆವು. ನಾನು ಒಂದರ ಚಿತ್ರ ಬರೆದುಕೊಂಡೆ.

ಮತ್ತೆ ಯೂನಿಯನ್ ಸಿಟಿ

ಹಳೆಯ ಸುರಿಮೊನೊದಲ್ಲಿ ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಒಬ್ಬ, ಅಚ್ಚು ಹಾಕುವವನು ಇನ್ನೊಬ್ಬನಂತೆ. ನಾವೂ ಹಾಗೇ ಹಂಚಿಕೊಂಡೆವು. ಹೂವಿನ ಚಿತ್ರ, ಅದರ ಹಲಗೆ ನನ್ನದು. ಸಾಲು ಅಕ್ಕನದು. 'ಬಿಸಿಲು ಬರಲಿ, ಬಾಯಿ ಬಿಡುವೆನು' ಎಂದು ತಿದ್ದೋಣವೇ ಎಂದು ನಾನು ಮೇಷ್ಟರ ಬುದ್ಧಿ ತೋರಿಸಿದೆ. ಅಕ್ಕ ಬೇಡವೆಂದು ಜೋರಾಗಿ ತಲೆಯಾಡಿಸಿದಳು. ಆಡಿದ್ದು ಆಡಿದ ಹಾಗೇ ಇರಬೇಕು. ನಡುಗುವ ಬಲಗೈಗೆ ಎಡಗೈ ಆಸರೆ ಕೊಟ್ಟು ತೆಳು ಕಾಗದದ ಮೇಲೆ ತಾನೇ ಬರೆದಳು. ಸಾಲು ಸ್ವಲ್ಪ ಮೇಲಕ್ಕೆ ಏರಿತು. ಓಕಾಡಾ ಅದನ್ನು ಸರಿಪಡಿಸಬೇಡಿ ಎಂದರು.

ಅಕ್ಷರ ಕೆತ್ತಿದವಳು ಸ್ಫೂರ್ತಿ. ಚಿಕ್ಕಂದಿನಲ್ಲಿ ಭಾನುವಾರದ ಕನ್ನಡ ಕ್ಲಾಸಿನಿಂದ ಓಡಿಬರುತ್ತಿದ್ದ ಹುಡುಗಿ ಈಗ ಬೋರಲು ಅಂಟಿಸಿದ ಕಾಗದದ ಮೇಲೆ ಬಾಗಿ, ನಾಲಗೆ ಕಚ್ಚಿಕೊಂಡು, ಒಂದೊಂದು ಅಕ್ಷರದ ಹೊಟ್ಟೆಯೊಳಗಿನ ಮರವನ್ನು ಕಣ ಕಣವಾಗಿ ತೆಗೆದಳು. "ಅಮ್ಮಾ, ಇದು ಏನು?" ಎಂದು ಕೇಳುವಳು. ಅಕ್ಕ "ಬ" ಎನ್ನುವಳು. "ಇದು?" "ಲ." ಈ ಸಲ ಕಲಿಸುವವಳು ಅಕ್ಕ. ಕೆಲವೊಮ್ಮೆ ಅಕ್ಷರದ ಹೆಸರು ಜಾರಿದರೆ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದಳು. ಸ್ಫೂರ್ತಿ ತಿರುಗುಮುರುಗಾದ 'ಬ' ಮೊದಲು ಕಲಿತು, ನೆಟ್ಟಗಿನದನ್ನು ಆಮೇಲೆ ಕಲಿತಳು.

ಅಚ್ಚು ಹಾಕುವ ದಿನ ಬಾರೆನ್ ಹಿಡಿದವಳೂ ಅಕ್ಕನೇ. ಬಲಗೈಯ ಮೇಲೆ ಎಡಗೈ ಇಟ್ಟು, ಮೈಭಾರ ಹಾಕಿ ಉಜ್ಜಬೇಕು. ಮೊದಲ ಪ್ರತಿಯಲ್ಲಿ ಕಿತ್ತಳೆ ಬಣ್ಣ ಹೂವಿನಿಂದ ಜಾರಿ ಎಲೆಯ ಮೇಲೆ ಕೂತಿತು. ಎರಡನೆಯದರಲ್ಲಿ ಅಕ್ಷರ ಕಲಸಿಹೋಯಿತು. ಅದಾದ ಮೇಲಿನದನ್ನು ಅಕ್ಕ ಮೂಲೆ ಹಿಡಿದು ನಿಧಾನವಾಗಿ ಎತ್ತಿದಾಗ ಹೂವು ಹೂವಿನ ಜಾಗದಲ್ಲಿತ್ತು, ಪಕ್ಕದಲ್ಲಿ ಅವಳ ಏರುಸಾಲು. ಬೆರಳಿಟ್ಟು ತಾನೇ ಓದಿದಳು. ಒಂದೂ ಪದ ತಪ್ಪಲಿಲ್ಲ. ಓಕಾಡಾ ಅರ್ಥ ಕೇಳಿ, ಚಪ್ಪಾಳೆ ತಟ್ಟಿ, "ಪದ್ಯ ಕಟ್ಟುತ್ತಿದ್ದ ಆ ನಮ್ಮವರು ಇದ್ದಿದ್ದರೆ ನಿಮ್ಮನ್ನು ಕೂಟಕ್ಕೆ ಸೇರಿಸಿಕೊಳ್ಳುತ್ತಿದ್ದರು" ಎಂದರು.

ಯುಗಾದಿ

ಹೊಸ ವರ್ಷಕ್ಕೆ ಹಂಚುವ ಪದ್ಧತಿ ನಮಗೆ ಅನುಕೂಲವೇ ಆಯಿತು. ಯುಗಾದಿಗೆ ಡಬ್ಲಿನ್ನಿನ ಮನೆಯೊಂದರಲ್ಲಿ ಕನ್ನಡದವರೆಲ್ಲ ಸೇರಿದ್ದರು. ಬಾಗಿಲಿಗೆ ಮಾವಿನೆಲೆ ಸಿಗದೆ ಹಿತ್ತಲಿನ ನಿಂಬೆ ಗಿಡದ ಎಲೆ ಪೋಣಿಸಿದ್ದರು. ಅಕ್ಕ ರೇಷ್ಮೆ ಸೀರೆಯುಟ್ಟು, ಅಚ್ಚಿನ ಪ್ರತಿಗಳನ್ನು ಎದೆಗವಚಿಕೊಂಡು ಒಳಗೆ ಬಂದಳು. ಕಾಯಿಲೆ ಬಿದ್ದ ಮೇಲೆ ಅವಳು ಅಷ್ಟು ಜನರ ನಡುವೆ ಬಂದದ್ದು ಅದೇ ಮೊದಲು. ಮಾತು ಸಣ್ಣಗಾಗಿ, ಎಲ್ಲರೂ ಅವಳನ್ನು ನೋಡುತ್ತಾ, ನೋಡದವರಂತೆ ನಟಿಸಿದರು.

ಅವಳು ನೇರ ಗಾಯತ್ರಿಯವರ ಬಳಿ ಹೋಗಿ ಒಂದು ಪ್ರತಿ ಕೊಟ್ಟಳು. ಗಾಯತ್ರಿ ಹೂವನ್ನು ನೋಡಿ, ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಇನ್ನೊಮ್ಮೆ ಓದಿಕೊಂಡರು. ಈ ಸಲ ಅವರ ದನಿ ಜೋರಾಗಿರಲಿಲ್ಲ.

"ಯಾರೇ ಬರ್ದಿದ್ದು ಇದು?"

"ನಾನು" ಎಂದಳು ಅಕ್ಕ.

"ಅವತ್ತು ಗುಡ್ಡದ ಹತ್ರ ನಾನು... ನಿಂಗೆ ಬೇಜಾರಾಯ್ತು ಅಲ್ವಾ?"

ಅಕ್ಕ ಯೋಚಿಸಿದಳು. ಸಭ್ಯತೆಗೆ ಇಲ್ಲ ಎಂದುಬಿಡುತ್ತಾಳೆ ಎಂದುಕೊಂಡೆ. "ಹೂಂ" ಎಂದಳು. ಆಮೇಲೆ ಪಕ್ಕದ ಕುರ್ಚಿಯನ್ನು ಎಳೆದು, ಗಾಯತ್ರಿಯವರನ್ನು ಕೂರಿಸಿ, ತಾನೂ ಕೂತು, "ಕಾ... ಕಾಯಿ. ಅಲ್ಲ. ಕಾಯಿ, ಅಲ್ಲ" ಎಂದು ಹುಡುಕಿ, ಸಿಟ್ಟಿನಿಂದ ತೊಡೆ ತಟ್ಟಿಕೊಂಡು, ಕೊನೆಗೆ "ಕಾಯ್ಬೇಕು. ನೀನು ಕಾಯ್ಬೇಕು" ಎಂದಳು.

"ಕಾಯ್ತೀನಿ ಕಣೇ. ನಂಗೇನು ಅವಸರ?" ಎಂದರು ಗಾಯತ್ರಿ. ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ಬದಿಗಿಟ್ಟರು.

ಅವರಿಬ್ಬರೂ ಎಷ್ಟೋ ಹೊತ್ತು ಅಲ್ಲೇ ಕೂತಿದ್ದರು. ಊಟದ ಸಾಲಿನಿಂದ ಭಾವ ಮತ್ತೆ ಮತ್ತೆ ಅತ್ತ ನೋಡಿ, ಏನನ್ನು ಬಡಿಸಿಕೊಳ್ಳುತ್ತಿದ್ದೇನೆಂದು ಮರೆತು, ಪಾಯಸದ ಮೇಲೆ ಸಾರು ಹಾಕಿಕೊಂಡರು. ಹಾಗೇ ಉಂಡರು.

ಹಾಸನ

ನಾನು ಊರಿಗೆ ಬಂದು ವಾರಗಳಾದವು. ಬರುವಾಗ ಓಕಾಡಾ ಒಂದು ಬಾರೆನ್ ಕೊಟ್ಟು ಕಳಿಸಿದರು. ಕಸ್ಟಮ್ಸಿನವನು ಅದನ್ನು ತಿರುವಿ ನೋಡಿ, ಚಪಾತಿ ಒತ್ತುವುದೋ ಎಂದು ಕೇಳಿದ. ಹೌದು ಎಂದುಬಿಟ್ಟೆ.

ನಿನ್ನೆ ಬೆಳಿಗ್ಗೆ, ಅಲ್ಲಿ ರಾತ್ರಿಯಾಗುತ್ತಿದ್ದ ಹೊತ್ತಿಗೆ, ಅಕ್ಕನ ಜೊತೆ ಮಾತಾಡಬೇಕೆನಿಸಿ ಅವಳ ಫೋನಿಗೆ ಮಾಡಿದೆ. ಎಂಗೇಜು. ಸ್ವಲ್ಪ ಬಿಟ್ಟು ಮಾಡಿದೆ, ಮತ್ತೂ ಎಂಗೇಜು. ಕಾಫಿ ಕುಡಿದು, ಗಿಡಗಳಿಗೆ ನೀರು ಹಾಕಿ ಬಂದು ಮಾಡಿದರೂ ಅದೇ. ಗಾಬರಿಯಾಗಿ ಭಾವನಿಗೆ ಮಾಡಿದೆ.

"ಏನಾಯ್ತು ಭಾವ? ಅಕ್ಕನ ಫೋನು ಕೆಟ್ಟಿದ್ಯಾ?"

"ಫೋನ್ ಚೆನ್ನಾಗೇ ಇದೆ ಕಣಯ್ಯಾ" ಎಂದರು ಭಾವ. ಅವರ ಹಿಂದೆ ಎಲ್ಲೋ ಅಕ್ಕನ ದನಿ ಕೇಳುತ್ತಿತ್ತು, ತಡೆದು ತಡೆದು, ನಡುವೆ ನಗುತ್ತಾ. "ಸಂಜೆಯಿಂದ ಒಬ್ರಾದ ಮೇಲೆ ಒಬ್ರಿಗೆ ಮಾಡ್ತಾ ಕೂತಿದಾಳೆ. ನಿನ್ನ ಸರದಿ ಬಂದಾಗ ಅವಳೇ ಮಾಡ್ತಾಳೆ, ಇಡು."